ಬೂದಿ ಮುಚ್ಚಿದ ಕೆಂಡಕ್ಕೊಂದು ಥರ್ಮಾಮೀಟರ್

ಇತ್ತೀಚೆಗೆ ಒಂದು ಫಾರ್ವರ್ಡ್ ಸಂದೇಶ ನನ್ನ ಮೊಬೈಲಿಗೂ ಬಂತು. ಮಾತ್ರೆ ನಿಲ್ಲಿಸಿದ ಮೇಲೆ ಎಚ್‌ಐವಿ ಯಾವಾಗ ಮರಳುತ್ತೆ ಅಂತ ರಕ್ತದ ಪ್ರತಿಕಾಯಗಳೇ ಹೇಳುತ್ತವಂತೆ, ಹಾಗಾಗಿ ಇನ್ನು ಜೀವನವಿಡೀ ಮಾತ್ರೆ ಬೇಡವಂತೆ! ಮೊದಲರ್ಧದಲ್ಲಿ ವಿಜ್ಞಾನ ಇದೆ. ಎರಡನೇ ಅರ್ಧ ನಂಬಿದರೆ ಜೀವಕ್ಕೇ ಸಂಚಕಾರ.

ಮಾತ್ರೆ ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿಯುತ್ತೆ. ಆದರೆ ಪೂರ್ತಿ ಹೋಗಿರೋದಿಲ್ಲ. ಕೆಲವು ಸಿಡಿ4 ಕೋಶಗಳ ಒಳಗೆ ಸದ್ದಿಲ್ಲದೆ ಮಲಗಿರುತ್ತೆ... ಬೂದಿ ಮುಚ್ಚಿದ ಕೆಂಡದ ಹಾಗೆ. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಹೊತ್ತಿಕೊಳ್ಳುತ್ತೆ. ಅಮೆರಿಕದ ಮಿಸಿಸಿಪ್ಪಿಯ ಮಗುವಿನ ಕತೆ ನೆನಪಿದೆಯಾ? ಮಾತ್ರೆಯಿಲ್ಲದೆ 27 ತಿಂಗಳು ಚೆನ್ನಾಗಿತ್ತು, ವಾಸಿಯಾಯ್ತು ಅಂತ ಜಗತ್ತೇ ಸಂಭ್ರಮಿಸಿತ್ತು. 2014ರಲ್ಲಿ ವೈರಸ್ ವಾಪಸ್ ಬಂತು.

ವೈರಲ್ ಲೋಡ್ ಪರೀಕ್ಷೆ ನೋಡೋದು ಹೊಗೆಯನ್ನ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಕೆಂಡ ಇಲ್ಲ ಅಂತಲ್ಲವಲ್ಲ! ಒಳಗಿನ ಕೆಂಡದ ಬಿಸಿಯನ್ನ ನಮ್ಮ ದೇಹದ ಪ್ರತಿಕಾಯಗಳಿಂದ ಅಳೆಯಬಹುದಾ ಅನ್ನೋದೇ ಈಗಿನ ಪ್ರಶ್ನೆ. 2021ರಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯವರು ಪ್ರಕಟಿಸಿದ ಅಧ್ಯಯನವೊಂದು, ಪ್ರತಿಕಾಯಗಳಿಗೆ ಅಂಟಿಕೊಂಡ ಸಕ್ಕರೆಯ ಸರಪಣಿಗಳಿಗೂ ವೈರಸ್ ಮರಳಲು ಹಿಡಿಯುವ ಸಮಯಕ್ಕೂ ನಂಟು ಕಂಡಿದೆ. ಆದರೆ ಇದು ಸುಳಿವು ಮಾತ್ರ, ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಮಾಡಿಸೋ ಪರೀಕ್ಷೆ ಅಲ್ಲ.

ಹಾಗಾದರೆ ಉಪಯೋಗ? ಇದೆ. ಹೊಸ ಚಿಕಿತ್ಸೆ ಕೆಂಡವನ್ನ ನಿಜಕ್ಕೂ ಆರಿಸಿತಾ ಅಂತ ತಿಳಿಯಬೇಕಾದರೆ ಕೊನೆಗೆ ಸ್ವಯಂಸೇವಕರ ಮಾತ್ರೆ ನಿಲ್ಲಿಸಿ ಕಾದು ನೋಡಬೇಕು. ನಂಬಬಹುದಾದ ಸೂಚಕ ಸಿಕ್ಕರೆ ಆ ಅಪಾಯ ಕಡಿಮೆಯಾಗುತ್ತೆ. ವೈದ್ಯರ ನಿಗಾ ಇಲ್ಲದೆ ನಿಲ್ಲಿಸೋದಂತೂ ಬೇಡವೇ ಬೇಡ. 5,472 ಜನರ ಮೇಲೆ ನಡೆದ ಸ್ಮಾರ್ಟ್ ಅಧ್ಯಯನದಲ್ಲಿ, ನಿಗಾ ಇಟ್ಟು ಮಾತ್ರೆ ಬಿಡಿಸಿದವರಲ್ಲೇ ಸಾವು ಮತ್ತು ಗಂಭೀರ ಸೋಂಕು ಎರಡು ಪಟ್ಟಿಗಿಂತ ಹೆಚ್ಚಿತ್ತು. 2006ರಲ್ಲಿ ಅದನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು.

ನನ್ನ ತಕರಾರು ಇನ್ನೊಂದಿದೆ. ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿ ಹರಡಿರೋದು ಬಿ ಉಪವಿಧದ ವೈರಸ್, ನಮ್ಮಲ್ಲಿ ಸಿ. ಅಲ್ಲಿಯವರ ರಕ್ತದಲ್ಲಿ ಸಿಕ್ಕ ಸೂಚಕ ನಮ್ಮವರಿಗೂ ಒಪ್ಪುತ್ತಾ ಅಂತ ನಮ್ಮವರಲ್ಲೇ ನೋಡಬೇಕು. ಹಿಂಜವಾಡಿಯಿಂದ ಸ್ವಲ್ಪ ದೂರದ ಭೋಸರಿಯಲ್ಲಿ 1992ರಿಂದ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಿದೆ (ಈಗ ಹೆಸರು ಬದಲಾಗಿದೆ). ಇಂಥ ಕೆಲಸಕ್ಕೆ ಇನ್ನೂ ಹೆಚ್ಚು ದುಡ್ಡು ಇಲ್ಲಿಗೆ ಬರಲಿ ಅನ್ನೋದು ನನ್ನ ಆಸೆ.

ಅಷ್ಟಕ್ಕೂ ನಮ್ಮವರಲ್ಲಿ ಮಾತ್ರೆ ನಿಲ್ಲೋದು ಸಂಶೋಧನೆಗಾಗಿ ಅಲ್ಲ. ಬಾಗಲಕೋಟೆ, ವಿಜಯಪುರ, ಕಲಬುರಗಿಯಿಂದ ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದವರನ್ನ ನೋಡಿ. ಒಂದೇ ರೂಮಿನಲ್ಲಿ ಆರು ಜನ. ಡಬ್ಬಿ ಯಾರ ಕಣ್ಣಿಗಾದರೂ ಬಿದ್ದರೆ ಅನ್ನೋ ಹೆದರಿಕೆಗೇ ಮಾತ್ರೆ ತಪ್ಪಬಹುದು. ಊರಿನ ಎಆರ್‌ಟಿ ಕೇಂದ್ರದಿಂದ ಇಲ್ಲಿಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು, 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಔಷಧಿ ಉಚಿತ, 1097ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತೆ. ಕೆಲಸದಲ್ಲಾಗಲೀ ಬಾಡಿಗೆ ಮನೆಯಲ್ಲಾಗಲೀ ಭೇದ ಮಾಡಬಾರದು ಅಂತ 2017ರ ಕಾನೂನೇ ಹೇಳುತ್ತೆ.

ಥರ್ಮಾಮೀಟರ್ ಬರಲಿ, ಬೇಗ ಬರಲಿ. ಆದರೆ ಪಕ್ಕದ ರೂಮಿನವನು ಹೆದರದೆ ಮಾತ್ರೆ ನುಂಗುವ ಹಾಗೆ ಮಾಡೋಕೆ ಯಾವ ಲ್ಯಾಬೂ ಬೇಕಿಲ್ಲ, ನಾವು ಸಾಕು. ಏನಂತೀರಿ?