ಬಿಚ್ಚಿ ಕಟ್ಟಬಲ್ಲ ದೋಣಿ

ಕಲಬುರಗಿ ಪಕ್ಕದ ನಮ್ಮ ತಾಜಸುಲ್ತಾನಪುರದಿಂದ ಕಡಲು ನೂರಾರು ಕಿಲೋಮೀಟರ್ ದೂರ. ಇಲ್ಲಿ ಕುಳಿತವನಿಗೆ ಮರದ ದೋಣಿಯ ಚಿಂತೆ ಏಕೆ ಎಂದು ಯಾರಾದರೂ ಕೇಳಿಯಾರು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಿತು. ಅದರ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ ನಾಡುಗಳಿಂದ ಹಡಗಿನಲ್ಲಿ ಬಂದು, ದಾಭೋಲ, ಚೌಲದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಇತ್ತ ಬರುತ್ತಿದ್ದವು. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗುಗಳು ಆಗಿನ ಅರಬ್ಬಿ ಸಮುದ್ರದಲ್ಲಿ ಸಾಮಾನ್ಯ. ನಮ್ಮ ಕಲಬುರಗಿ ಕೋಟೆಯ ಚರಿತ್ರೆಯಲ್ಲಿ ಆ ಹೊಲಿಗೆಗೂ ಪಾಲಿದೆ.

ಅಂಥ ಹಳೆಯ ಮಾದರಿಯ ದೋಣಿಯನ್ನು ಇಂದು ಹೊಸ ವಿಧಾನದಲ್ಲಿ ಕಟ್ಟಬಹುದೇ, ದುರಸ್ತಿ ಮಾಡಬಹುದೇ? ಕಂಪ್ಯೂಟರ್ ಮುಟ್ಟಿದೊಡನೆ ಕಸುಬು ಕೆಟ್ಟಿತು ಎನ್ನುವವರಿದ್ದಾರೆ. ತೇಲಿದರೆ ಸಾಕು, ಯಾವ ಅಂಟು ಬಳಿದರೇನು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಇಂದು ಮಾಡಿದ ಕೆಲಸವನ್ನು ನಾಳಿನ ಬಡಗಿ ಬಿಚ್ಚಿ ಸರಿಪಡಿಸಬಲ್ಲನೇ ಎಂದು ಮೊದಲು ಕೇಳಬೇಕು.

ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಲಗೆಗೆ ಹಲಗೆ ಕೂಡಿಸಿ, ಸಂದಿಗೆ ಹತ್ತಿಯ ಎಳೆ ತುರುಕಿ ಕಟ್ಟಿದ ದೋಣಿ ಈ ಉಬ್ಬನ್ನೇ ನಂಬಿಕೊಂಡಿರುತ್ತದೆ. ನೀರಿಗಿಳಿದ ಮೇಲೆ ಸಂದಿಗಳು ತಾವಾಗಿ ಬಿಗಿಯುತ್ತವೆ. ಸೋರುತ್ತದೆಂದು ಅದರ ಮೈಗೆ ಫೈಬರ್ ಗ್ಲಾಸ್ ಹೊದಿಸಿ ಇಪಾಕ್ಸಿ ಅಂಟು ಬಳಿದರೆ ಕೆಲಕಾಲ ಅಂದವಾಗಿ ಕಂಡೀತು. ಆದರೆ ಒಳಗೆ ಹಲಗೆಗಳ ಅಲುಗಾಟ ನಿಲ್ಲುವುದಿಲ್ಲ. ಹೊದಿಕೆ ಎಲ್ಲೋ ಒಂದು ಕಡೆ ಬಿಡುತ್ತದೆ. ಮಳೆನೀರು ಒಳಸೇರಿ, ಹೊರಬರಲು ದಾರಿಯಿಲ್ಲದೆ ನಿಂತು, ಬೂಷ್ಟು ಹಿಡಿದು ಮರ ಮೆತ್ತಗಾಗುತ್ತದೆ. ಮರ ಕೊಳೆಯುವುದು ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಹೆಚ್ಚು. ಆಮೇಲೆ ಹೊದಿಕೆ ಕೀಳಲು ಹೋದರೆ ಹಲಗೆಯೂ ಕಿತ್ತುಬರುತ್ತದೆ. ಇಂಥದ್ದನ್ನು ದುರಸ್ತಿ ಎಂದು ಕರೆಯಲು ನನಗೆ ಮನಸ್ಸಾಗದು.

ಹೊಸದಾಗಿ ಕಟ್ಟುವ ದೋಣಿಯ ಮಾತು ಬೇರೆ. ತೆಳು ಪಟ್ಟಿಗಳನ್ನು ಅಂಟಿಸಿ, ಎಲ್ಲ ಮಗ್ಗುಲನ್ನೂ ಇಪಾಕ್ಸಿಯಿಂದ ಮುಚ್ಚಿದರೆ ತೇವ ಒಳಹೋಗುವುದು ಕಷ್ಟ. ದೊಡ್ಡ ದಿಮ್ಮಿಗಾಗಿ ಹೆಮ್ಮರ ಕಡಿಯಬೇಕಾಗಿಯೂ ಇಲ್ಲ. ಮರ ಮತ್ತು ಫೈಬರ್ ಸೇರಿಸಿ ಗೋವಾದಲ್ಲಿ ಕಟ್ಟಿದ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ದಿಲೀಪ್ ದೊಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಕಾಡು ಕರಗುತ್ತಿರುವ ಕಾಲದಲ್ಲಿ ಈ ವಿಧಾನವನ್ನು ಬೇಡವೆನ್ನುವುದು ಬರೀ ಹಟ.

ಹೊಸ ವಿದ್ಯೆ ಹಳೆಯ ಕೈಗೆ ನೆರವಾದ ಬಗೆಯಲ್ಲಿ ನನ್ನ ಮನಸ್ಸಿಗೆ ತುಂಬ ಹಿಡಿಸಿದ್ದು ‘ಕೌಂಡಿನ್ಯ’. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಈ ಹಡಗಿಗೆ ಹಳೆಯ ನಕಾಶೆ ಇರಲಿಲ್ಲ. ಇದ್ದದ್ದು ಅಜಂತಾ ಗುಹೆಯ ಐದನೆಯ ಶತಮಾನದ ಒಂದು ಚಿತ್ರ. ಅದರಿಂದ ಊಹಿಸಿದ ಆಕಾರ ಅಲೆಯನ್ನು ತಡೆದುಕೊಂಡೀತೇ ಎಂಬುದನ್ನು ಮದ್ರಾಸ್ ಐಐಟಿಯ ನೆರವಿನಿಂದ, ಸಣ್ಣ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದರು. ಹಲಗೆ ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಯ ಕುಶಲಕರ್ಮಿಗಳು. ಬಳಸಿದ್ದು ತೆಂಗಿನ ನಾರು ಮತ್ತು ರಾಳ. 2025ರ ಡಿಸೆಂಬರ್ 29ರಂದು ಪೋರಬಂದರ ಬಿಟ್ಟ ಹಡಗು ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಹೊಲಿಗೆ ಸವೆದರೆ ಸವೆದಷ್ಟನ್ನು ಬಿಚ್ಚಿ ಮತ್ತೆ ಹೊಲಿಯಬಹುದು.

ನಮ್ಮ ನದಿಗಳ ಹರಿಗೋಲನ್ನೂ ಇದೇ ಅಳತೆಯಿಂದ ನೋಡಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಅದರಿಂದ ಹರಿಗೋಲು ಕೆಟ್ಟಿತೆಂದು ನಾನು ಹೇಳಲಾರೆ. ಹಾಳೆ ಹರಿದರೆ ಬದಲಿಸಬಹುದು, ಬಿದಿರಿನ ಹೆಣಿಗೆ ಹಾಗೆಯೇ ಇರುತ್ತದೆ. ಇಡೀ ಬುಟ್ಟಿಯನ್ನೇ ಫೈಬರ್ ಅಚ್ಚಿನಲ್ಲಿ ಎರಕ ಹೊಯ್ದರೆ ಮಾತ್ರ ಹೆಣೆಯುವವರಿಗೆ ಕೆಲಸವೇ ಉಳಿಯದು.

ಸೇತುವೆಗಳು ಬಂದ ಕಡೆ ಹರಿಗೋಲಿನ ಅಗತ್ಯ ಹೇಗೂ ತಗ್ಗುತ್ತದೆ. ಭೀಮಾ, ಕೃಷ್ಣಾ, ತುಂಗಭದ್ರಾ ದಡಗಳಲ್ಲಿ ಹೆಣೆಯಬಲ್ಲವರು ಇರುವಾಗಲೇ ಅವರ ಕೆಲಸವನ್ನು ಅಳೆದು, ಚಿತ್ರೀಕರಿಸಿ ಇಡಬೇಕು. ಕಲಬುರಗಿಯ ಐಟಿಐಗಳಿಗೆ ಅವರನ್ನು ಸಂಬಳ ಕೊಟ್ಟು ಗುರುಗಳಾಗಿ ಕರೆಯಬೇಕು. ಬಿದಿರನ್ನು ಎಷ್ಟು ತೆಳ್ಳಗೆ ಸೀಳಬೇಕು, ಹೆಣಿಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಸ್ಕ್ಯಾನರ್ ದಾಖಲಿಸೀತು. ಕಲಿಯಬೇಕಾದರೆ ಹುಡುಗರು ಅವರ ಪಕ್ಕದಲ್ಲಿ ಕೂತು ಒಂದು ಹರಿಗೋಲನ್ನಾದರೂ ಹೆಣೆದು, ನೀರಿಗಿಳಿಸಿ, ಸೋರಿದಲ್ಲಿ ಬಿಚ್ಚಿ ಸರಿಮಾಡಬೇಕು.