‘ಈ ಕೇರೀಲಿ ನಮ್ಮೋರ ಓಟು ಎಷ್ಟು?’

ಚಿಕ್ಕಯ್ಯನಛತ್ರ ಹೋಬಳಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಚುನಾವಣೆ ಹತ್ತಿರ ಬಂತೆಂದರೆ ಊರಿಗೆ ಬಂದವರು ಮೊದಲು ಕೇಳುವುದು ಇದನ್ನೇ. ನಾವೂ ಅರಳಿಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಒಪ್ಪಿಸುತ್ತೇವೆ. ನಲ್ಲಿಗೆ ನೀರು ಬಂದು ಎಷ್ಟು ದಿನವಾಯಿತು ಎಂದು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

2023ರ ಮೇ 10ರ ಚುನಾವಣೆ ನೆನಪಿರಬಹುದು. ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ವರುಣ ಕ್ಷೇತ್ರಕ್ಕೆ ಸೇರಿವೆ. ಅಲ್ಲಿ ಸಿದ್ದರಾಮಯ್ಯನವರ ಎದುರು ವಿ. ಸೋಮಣ್ಣನವರು ನಿಂತಾಗ ರಾಜ್ಯದ ಕಣ್ಣೆಲ್ಲ ನಮ್ಮ ಮೇಲೆ. ಆದರೆ ಚರ್ಚೆ ನಡೆದದ್ದು ಯಾವುದರ ಮೇಲೆ? ಲಿಂಗಾಯತರು ಎಷ್ಟು, ಕುರುಬರು ಎಷ್ಟು, ದಲಿತರು ಎಷ್ಟು, ನಾಯಕರು ಎಷ್ಟು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ, ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾಗಿದ್ದರು. ಓದುವ ಮಕ್ಕಳು, ವಯಸ್ಸಾದ ಹೆಂಗಸು. ಚಿರತೆ ಅಡಗುವ, ಬೆಳೆದು ನಿಂತ ಕಬ್ಬು ಸಕಾಲಕ್ಕೆ ಕಟಾವಾಗುವಂತೆ ನೋಡಿಕೊಳ್ಳುವವರು ಯಾರು? ತೋಟದ ದಾರಿಗೆ ದೀಪ ಯಾವಾಗ? ಬೋನು ಇಡಲು ಸಿಬ್ಬಂದಿ ಸಾಕಷ್ಟಿದ್ದಾರೆಯೇ? ಓಟು ಕೇಳಲು ಬಂದವರನ್ನು ನಿಲ್ಲಿಸಿ ನಾವು ಇದನ್ನು ಕೇಳಬೇಕಿತ್ತು. 2018, 2019ರಲ್ಲಿ ಕಪಿಲಾ ನದಿ ಉಕ್ಕಿ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಳುಗಿತು; ಅದೂ ಮಳೆಯ ಜೊತೆಗೇ ಮರೆತುಹೋಯಿತು.

ಜಾತಿಯ ಮಾತೇ ಬೇಡ ಎಂದು ನಾನು ಹೇಳುತ್ತಿಲ್ಲ. 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾದ ಬದನವಾಳು ಇರುವುದು ನಮ್ಮ ನಂಜನಗೂಡು ತಾಲ್ಲೂಕಿನಲ್ಲೇ. ಅದನ್ನು ಕಂಡ ನೆಲದಲ್ಲಿ ಯಾರಿಗೂ ‘ಜಾತಿ ಮರೆತುಬಿಡಿ’ ಎಂದು ಸಲೀಸಾಗಿ ಹೇಳಲಾಗದು. ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ನಡವಳಿಕೆ, ಮತದಾರನ ಜಾತಿ ಹಿಡಿದು ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದ ತೀರ್ಪು ಕೊಟ್ಟಿತು. ಒಪ್ಪದ ಮೂವರು, ಜಾತಿಯ ಕಾರಣಕ್ಕೆ ಆದ ಅನ್ಯಾಯವನ್ನು ಚುನಾವಣೆಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡುವುದು ಎಂಬ ಅರ್ಥದ ವಾದ ಮುಂದಿಟ್ಟರು. ನನ್ನ ಮನಸ್ಸು ಆ ಮೂವರ ಕಡೆಗೇ ವಾಲುತ್ತದೆ. ಅನ್ಯಾಯದ ಮಾತು ಬೇರೆ, ತಲೆ ಎಣಿಕೆ ಬೇರೆ. ಕೇರಿಯ ಸ್ಮಶಾನಕ್ಕೆ ಜಾಗ ಕೇಳಿದರೆ ಅದು ಅನ್ಯಾಯದ ಮಾತು. ‘ಕೇರಿಯದು ಇನ್ನೂರು ಓಟು’ ಎಂದು ಬರೆದುಕೊಂಡು ಹೋದವನ ಚೀಟಿಯಲ್ಲಿ ಆ ಸ್ಮಶಾನ ಇರುವುದೇ ಇಲ್ಲ.

ಈ ತಲೆ ಎಣಿಕೆಗೆ ಬೆಲೆ ಬರುವುದು ಟಿಕೆಟ್ ಹಂಚುವಾಗ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದಕ್ಕೇ ಜನ ಮೊದಲೊಂದು ಸುತ್ತು ಮತ ಹಾಕುತ್ತಾರೆ. ನಮ್ಮಲ್ಲಿ ಟಿಕೆಟ್ ತೀರ್ಮಾನವಾಗುವುದು ಬೆಂಗಳೂರು, ದೆಹಲಿಯಲ್ಲಿ. ಅಲ್ಲಿಗೆ ಊರಿಂದ ಹೋಗುವುದು ಜಾತಿ ಲೆಕ್ಕವೊಂದೇ. ಹಾಗಾಗಿ ಟಿಕೆಟ್ ಆದ ಮೇಲೆ ಕೇಳಿದರೆ ತಡವಾಯಿತು. ಆಕಾಂಕ್ಷಿಗಳು ಮದುವೆ, ತಿಥಿ, ಜಾತ್ರೆ ಎಂದು ಊರೂರು ಸುತ್ತುವಾಗಲೇ ಹಿಡಿದು ಕೇಳಿ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ನಾವು 2016ರಲ್ಲಿ ಆರಿಸಿದವರ ಅವಧಿ 2021ಕ್ಕೇ ಮುಗಿಯಿತು. ಮತ್ತೆ ಆ ಚುನಾವಣೆಗೆ ಓಟು ಕೇಳಲು ಬರುವವರನ್ನು, ಇಷ್ಟು ವರ್ಷ ಚುನಾವಣೆ ಇಲ್ಲದಾಗ ನೀವೇನು ಮಾಡಿದಿರಿ ಎಂದೇ ಮೊದಲು ಕೇಳಿ. ಗ್ರಾಮ ಪಂಚಾಯಿತಿಯಲ್ಲಂತೂ ಪಕ್ಷದ ಚಿಹ್ನೆಯೂ ಇಲ್ಲ. ವಾರ್ಡ್ ಸಭೆಗೆ ಮನೆಗೊಬ್ಬರು ಬನ್ನಿ, ಹೆಂಗಸರು ಮುಂದೆ ಕೂರಿ. ನೀರು, ರಸ್ತೆ, ಚಿರತೆ, ಸ್ಮಶಾನ, ಊರಿಗೆ ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಕೇರಿಯವರೂ ಸಹಿ ಹಾಕಿ. ಅದೇ ಹಾಳೆಯನ್ನು ಅರಳಿಕಟ್ಟೆಗೆ ಅಂಟಿಸಿ. ಮುಂದಿನ ಸಲ ಯಾರಾದರೂ ಬಂದು ‘ನಮ್ಮೋರು ಎಷ್ಟವ್ರೆ’ ಎಂದರೆ, ಆ ಹಾಳೆ ಓದಿ ಆಮೇಲೆ ಮಾತಾಡಲು ಹೇಳಿ.