ಮಾತ್ರೆ ಕೊಡುವ ಕೈ ಯಾರದಿರಬೇಕು?

ಮದುವೆಯಾಗದ ಕಾಲೇಜು ಹುಡುಗಿಗೆ ಗರ್ಭನಿರೋಧಕ ಮಾತ್ರೆ ಕೊಡಬೇಕೇ ಎಂದು ನಾವಿನ್ನೂ ಚರ್ಚಿಸುತ್ತಿದ್ದೇವೆ. ಅಷ್ಟರಲ್ಲಿ ಅದು ಅವಳ ಕೈ ಸೇರಿಯಾಗಿದೆ. ತುರ್ತು ಗರ್ಭನಿರೋಧಕ ಮಾತ್ರೆ ಮೆಡಿಕಲ್ ಶಾಪಿನಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ. ಅಂಗಡಿಯವನು ಮುಖ ನೋಡದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ, ಅವಳು ಚಿಲ್ಲರೆಗೂ ಕಾಯದೆ ಹೊರಡುತ್ತಾಳೆ. 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು, ಇದು ಆಪತ್ತಿಗಷ್ಟೇ, ಪದೇ ಪದೇ ಇದನ್ನೇ ನಂಬಿದರೆ ಮುಟ್ಟು ಏರುಪೇರಾಗುತ್ತದೆ, ಬಸಿರಾಗುವ ಸಂಭವವೂ ನಿತ್ಯದ ಮಾತ್ರೆಗಿಂತ ಹೆಚ್ಚು ಎಂದು ಕೂರಿಸಿ ಹೇಳುವವರು ಅಲ್ಲಿಲ್ಲ. ಹೇಳಬಲ್ಲವರು ನರ್ಸ್‌ಗಳು. ಮಾತ್ರೆಯನ್ನು ಅವರೇ ಕೊಡಲಿ ಎಂಬುದು ನನ್ನ ವಾದ.

ನಿತ್ಯದ ಮಾತ್ರೆಯೂ ಎಲ್ಲರಿಗೆ ಒಗ್ಗುವಂಥದ್ದಲ್ಲ. ಬಿಪಿ ಹೆಚ್ಚಿರುವವರಿಗೆ, ಕಣ್ಣೆದುರು ಮಿಂಚು ಹೊಳೆದಂತಾಗಿ ಅರೆತಲೆನೋವು ಬರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಈಸ್ಟ್ರೋಜೆನ್ ಇರುವ ಮಾತ್ರೆ ಸಲ್ಲದು. ಇದನ್ನು ತಿಳಿಯಲು ದೊಡ್ಡಾಸ್ಪತ್ರೆ ಬೇಡ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ, ನಾಲ್ಕು ಪ್ರಶ್ನೆ ಕೇಳಿದರೆ ಬಹುಪಾಲು ಗೊತ್ತಾಗುತ್ತದೆ. ಮಾಲಾ-ಎನ್‌ನ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು ಎಂದು ತೋರಿಸುವುದು, ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಮ್ಮ ಎನ್ನುವುದು, ಲೈಂಗಿಕ ರೋಗಗಳನ್ನು ಇದು ತಡೆಯದು, ಕಾಂಡೋಮ್ ಬೇಕೇ ಬೇಕು ಎಂದು ಎಚ್ಚರಿಸುವುದು ನಮ್ಮ ಸಿಸ್ಟರ್‌ಗಳಿಗೆ ಹೊಸದಲ್ಲ. 2011ರಿಂದ ಆಶಾ ಕಾರ್ಯಕರ್ತೆಯರೂ ಮನೆ ಬಾಗಿಲಿಗೆ ಮಾತ್ರೆ ತಲುಪಿಸುತ್ತಿದ್ದಾರೆ. ಕೌಶಲಕ್ಕೇನೂ ಕೊರತೆಯಿಲ್ಲ. ಕೊರಳಲ್ಲಿ ತಾಳಿ ಇದೆಯೇ ಎಂದು ಹುಡುಕುವ ಕಣ್ಣೇ ಅಡ್ಡಿ.

ಕಾನೂನಾದರೂ ಈ ತಾಳಿಯನ್ನು ದಾಟಿ ಬಂದಿದೆ. ಗರ್ಭನಿರೋಧಕ ವಿಫಲವಾದಾಗಿನ ಗರ್ಭಪಾತದ ಕುರಿತು ಕಾಯ್ದೆಯಲ್ಲಿದ್ದ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂಬ ಮಾತು 2021ರ ತಿದ್ದುಪಡಿಯಲ್ಲಿ ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. ಗರ್ಭಪಾತದ ಹಕ್ಕಿನಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಸಿರು ತೆಗೆಸಲು ಹಕ್ಕುಳ್ಳವಳಿಗೆ ಅದನ್ನು ಮೊದಲೇ ತಡೆಯಲು ನೆರವಿಲ್ಲ ಎಂದರೆ ಅದೆಂಥ ನ್ಯಾಯ?

ಮಾತ್ರೆ ಸಿಕ್ಕರೆ ಮಕ್ಕಳು ದಾರಿ ತಪ್ಪುತ್ತಾರೆಂಬ ತಂದೆತಾಯಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅವರ ಮಗಳಿಗೆ ಮಾತ್ರೆ ಈಗಲೂ ಸಿಗುತ್ತಿದೆ. ನಂಬಿ ಮಾತಾಡಲು ಒಬ್ಬ ಹಿರಿಯರು ಸಿಗುತ್ತಿಲ್ಲ. “ಅವನೇನಾದ್ರೂ ಬಲವಂತ ಮಾಡ್ತಿದ್ದಾನೇನಮ್ಮ?” ಎಂದು ಸಿಸ್ಟರ್ ಕೇಳಬಲ್ಲರು. ಅಂಗಡಿಯ ಗಾಜಿನ ಕಪಾಟಿನ ಮುಂದೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಪಿಯುಸಿ ಹುಡುಗಿಯರ ವಿಷಯ ಬೇರೆ. 18 ತುಂಬದವರ ಲೈಂಗಿಕ ಸಂಪರ್ಕ ಗೊತ್ತಾದರೆ ಪೊಲೀಸರಿಗೆ ತಿಳಿಸುವ ಹೊಣೆಯನ್ನು ಪೋಕ್ಸೊ ಕಾಯ್ದೆ ನರ್ಸ್‌ಗಳ ಮೇಲೂ ಹೊರಿಸಿದೆ. ನಾನು ಹೇಳುತ್ತಿರುವುದು ಪದವಿ ತರಗತಿಯ ವಯಸ್ಕ ಹೆಣ್ಣುಮಕ್ಕಳ ಬಗ್ಗೆ.

ಸಂತಾನ ನಿಯಂತ್ರಣದ ಮಾತೆತ್ತಲು ಜನ ಹಿಂಜರಿಯುತ್ತಿದ್ದ 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಅದಕ್ಕೆಂದು ಕ್ಲಿನಿಕ್ ತೆರೆದಿತ್ತು. ಇಂದಿನ ಪ್ರಾಂಶುಪಾಲರಿಂದ ಅಷ್ಟು ದೊಡ್ಡ ಧೈರ್ಯವನ್ನೇನೂ ಕೇಳುತ್ತಿಲ್ಲ. ವಾರಕ್ಕೊಂದು ದಿನ ಪಕ್ಕದ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರನ್ನು ಕಾಲೇಜಿಗೆ ಕರೆಸಿ. ಅವರಿಗೆ ಬಾಗಿಲು ಮುಚ್ಚಿಕೊಳ್ಳುವ ಒಂದು ಕೊಠಡಿ ಕೊಡಿ. ಒಳಗೆ ಯಾರು ಹೋದರು, ಏಕೆ ಹೋದರು ಎಂದು ಯಾರೂ ವಿಚಾರಿಸದಂತೆ ನೋಡಿಕೊಳ್ಳಿ.